‘ಬೇಕಂತ ಮಾಡಿದ್ದಲ್ಲ’ ಎಂದರೆ ಸಾಕೆ?



ನಮ್ಮ ಸ್ವಸಹಾಯ ಸಂಘಗಳಲ್ಲಿ ಸಾಲದ ಅರ್ಜಿ ತುಂಬುವಾಗ ‘ಸಾಲದ ಉದ್ದೇಶ’ ಎಂಬ ಒಂದು ಕಲಮು ಬರುತ್ತದೆ. ಆಕಳು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀ ಕಟ್ಟಲು ಎಂದು ಬರೆಯುತ್ತೇವೆ. ಅಲ್ಲಿ ಉದ್ದೇಶ ಎಂದರೆ ಹಣ ಯಾವುದಕ್ಕೆ ಎಂಬಷ್ಟೇ ಅರ್ಥ. ಇದೇ ‘ಉದ್ದೇಶ’ ಎಂಬ ಮಾತು ಪೊಲೀಸ್ ಠಾಣೆಯ ದೂರಿನಲ್ಲಿ, ಊರ ಹಿರಿಯರ ಪಂಚಾಯ್ತಿಯಲ್ಲಿ, ನ್ಯಾಯಾಲಯದ ತೀರ್ಪಿನಲ್ಲಿ ಬಂದಾಗ ಅದರ ಅರ್ಥ ಒಂದೊಂದು ಕಡೆ ಒಂದೊಂದು. ಏಟು ತಿಂದ ಹೆಣ್ಣಿಗೆ ನ್ಯಾಯ ಸಿಗುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಈ ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಸಲ ನಾನು ಈ ಒಂದು ಮಾತಿನ ಬಗ್ಗೆ ಬರೆಯುತ್ತಿದ್ದೇನೆ.

ನಾನು ವಕೀಲಳಲ್ಲ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳಿ, ನಿವೃತ್ತಳಾಗಿ ಈಗ ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿದ್ದೇನೆ. ಇಂಗ್ಲಿಷ್ ಬಲ್ಲವಳು ಎಂದು ಸುತ್ತಲಿನ ಹೆಂಗಸರು ನೋಟೀಸು, ಅರ್ಜಿ, ಆದೇಶದ ಪ್ರತಿಗಳನ್ನು ಓದಿಸಿಕೊಳ್ಳಲು ನನ್ನಲ್ಲಿಗೆ ತರುತ್ತಾರೆ. ಆ ಕಾಗದಗಳನ್ನು ಓದಿ ಅವರಿಗೆ ಕನ್ನಡದಲ್ಲಿ ಹೇಳುವಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಇಂಗ್ಲಿಷ್ ಕಾನೂನು ನಾಲ್ಕೈದು ಬೇರೆ ಬೇರೆ ಪದ ಬಳಸಿದ ಕಡೆಯೆಲ್ಲ ನಾವು ಕನ್ನಡದಲ್ಲಿ ಒಂದೇ ‘ಉದ್ದೇಶ’ವನ್ನು ಇಟ್ಟುಬಿಡುತ್ತೇವೆ. ಹಾಗೆ ಇಟ್ಟದ್ದರಿಂದ ಗಂಡನ ಮನೆಯವರಿಗೆ ಲಾಭ, ಹೆಣ್ಣಿಗೆ ನಷ್ಟ.

ಹೆಂಡತಿಗೆ ಹೊಡೆದ ಗಂಡನ ಪರವಾಗಿ ಮೊದಲು ಬರುವ ಮಾತು ಯಾವುದು? ‘ಅಂವ ಬೇಕಂತ ಮಾಡಿದ್ದಲ್ಲ.’ ಅತ್ತೆ ಇದನ್ನೇ ಹೇಳುತ್ತಾಳೆ, ಪಂಚಾಯ್ತಿಗೆ ಕುಳಿತ ಹಿರಿಯರೂ ಇದನ್ನೇ ಹೇಳುತ್ತಾರೆ. ಕಡೆಗೆ ಏಟು ತಿಂದವಳ ಬಾಯಲ್ಲೂ ಇದೇ ಬರುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಅನುಕೂಲಗಳಿವೆ ನೋಡಿ. ‘ಹೊಡೆದ’ ಎನ್ನುವ ಬದಲು ‘ಸಿಟ್ಟಿನಲ್ಲಿ ಕೈ ಎತ್ತಿಹೋಯಿತು’ ಎನ್ನುತ್ತೇವೆ. ‘ಬೈದ’ ಎನ್ನುವ ಬದಲು ‘ಬಾಯಿಂದ ಬಂದುಹೋಯಿತು’ ಎನ್ನುತ್ತೇವೆ. ಎತ್ತಿದವನು ಇಲ್ಲ, ಕೈ ಮಾತ್ರ ಎತ್ತಿಹೋಯಿತು! ಬೈದವನು ಇಲ್ಲ, ಮಾತು ತಾನಾಗಿಯೇ ಬಂದುಹೋಯಿತು! ಹೀಗೆ ಮಾಡಿದವನನ್ನು ಮಾತಿನೊಳಗಿಂದಲೇ ತೆಗೆದುಹಾಕಿದ ಮೇಲೆ ‘ಉದ್ದೇಶ ಕೆಟ್ಟದ್ದಿರಲಿಲ್ಲ, ಸುಧಾರಿಸಿಕೊಂಡು ಹೋಗು’ ಎನ್ನುವುದು ಸುಲಭವಾಗುತ್ತದೆ.

ಈಗ ಇಂಗ್ಲಿಷಿನ ಪದಗಳಿಗೆ ಬರೋಣ. ಇಂಟೆನ್ಶನ್, ಪರ್ಪಸ್, ಮೋಟಿವ್, ನಾಲೆಡ್ಜ್, ಎಫೆಕ್ಟ್ ಎಂಬ ಐದು ಪದಗಳನ್ನು ತೆಗೆದುಕೊಳ್ಳೋಣ. ಹೆಸರು ಕೇಳಿ ಹೆದರಬೇಡಿ, ನಮ್ಮ ತೋಟದಲ್ಲೇ ಇವು ಐದೂ ಸಿಗುತ್ತವೆ.

ಅಡಕೆ ಕೊಯ್ಲಿನ ದಿನವನ್ನು ನೆನೆಯಿರಿ. ಕೊನೆಗೌಡ ಮರ ಏರಿ ಕತ್ತಿ ಹಾಕುತ್ತಾನೆ. ಕತ್ತಿ ಕೊನೆಯ ಬುಡಕ್ಕೆ ಬೀಳುವುದು ಕೈತಪ್ಪಿನಿಂದಲ್ಲ, ಕೊಯ್ಯಬೇಕೆಂದೇ. ಮಾಡುವ ಕೆಲಸವನ್ನು ಮನಸ್ಸಿಟ್ಟು ಮಾಡುವುದು ಇಂಟೆನ್ಶನ್. ಯಜಮಾನರು ಕೊಯ್ಲು ಮಾಡಿಸುವುದು ಅಡಕೆ ಮಾರಿ ಸೊಸೈಟಿಯ ಸಾಲ ಕಟ್ಟಲಿಕ್ಕೆ. ಕೆಲಸದ ಆಚೆ ಇರುವ ಆ ಗುರಿ ಪರ್ಪಸ್. ಈ ವಾರವೇ ಆಗಬೇಕೆಂದು ಅವರು ಅವಸರ ಮಾಡಿದ್ದು ದರ ಇಳಿದೀತೆಂಬ ಹೆದರಿಕೆಯಿಂದ. ಒಳಗಿನಿಂದ ನೂಕುವ ಆ ಕಾರಣ ಮೋಟಿವ್. ಮರದ ಬುಡದಲ್ಲಿ ಉದುರಡಕೆ ಹೆಕ್ಕುವ ಹೆಂಗಸರಿದ್ದಾರೆಂದು ತಿಳಿದೂ ಒಬ್ಬನು ಕೊನೆಯನ್ನು ಹಗ್ಗಕ್ಕೆ ಹಾಕದೆ ಹಾಗೆಯೇ ಕೆಳಗೆ ಬಿಟ್ಟ ಎನ್ನಿ. ಯಾರ ತಲೆ ಒಡೆಯಬೇಕೆಂದೂ ಅವನಿಗಿರಲಿಲ್ಲ. ಆದರೆ ಬಿದ್ದರೆ ಏನಾಗುತ್ತದೆಂಬುದು ಗೊತ್ತಿತ್ತು. ಆ ಅರಿವು ನಾಲೆಡ್ಜ್. ಇನ್ನು ಕೆಳಗಿದ್ದವಳ ಕಡೆಯಿಂದ ನೋಡಿದರೆ, ಮೇಲಿದ್ದವನ ಮನಸ್ಸಿನಲ್ಲಿ ಏನಿತ್ತೆಂಬುದು ಆಮೇಲಿನ ಮಾತು. ತಲೆ ಒಡೆದದ್ದು ಮೊದಲ ಮಾತು. ಆ ಪರಿಣಾಮ ಎಫೆಕ್ಟ್.

ಕನ್ನಡದಲ್ಲೂ ಇವಕ್ಕೆ ಪದಗಳಿಲ್ಲವೆಂದಲ್ಲ. ಬೇಕೆಂದೇ, ಸಲುವಾಗಿ, ಕಾರಣಕ್ಕಾಗಿ, ಗೊತ್ತಿದ್ದೂ, ಪರಿಣಾಮವಾಗಿ – ಐದೂ ನಾವು ದಿನವೂ ಆಡುವ ಮಾತುಗಳೇ. ಕಾಗದದ ಮೇಲೆ ಬರುವಾಗ ಮಾತ್ರ ಐದನ್ನೂ ಒಂದೇ ‘ಉದ್ದೇಶ’ದ ಚೀಲಕ್ಕೆ ತುಂಬಿಬಿಡುತ್ತೇವೆ. ಕಾನೂನು ಹಾಗೆ ತುಂಬಿಲ್ಲ. ಎಲ್ಲಿ ಯಾವ ಪದ ಬೇಕೆಂಬ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ಹೋರಾಟವೇ ನಡೆದಿದೆ. ಮಹಿಳಾ ಚಳವಳಿ ಬೀದಿಗಿಳಿದದ್ದರ ಫಲವಾಗಿ ಕಾನೂನಿನ ಒಂದೊಂದು ಪದ ಬದಲಾಗಿದೆ.

ಮೊದಲ ಉದಾಹರಣೆ ವರದಕ್ಷಿಣೆ ನಿಷೇಧ ಕಾಯಿದೆಯದು. ಈ ಕಾಯಿದೆ 1961ರಲ್ಲಿ ಬಂತು. ಆಗ ಅದರಲ್ಲಿ ವರದಕ್ಷಿಣೆ ಎಂದರೆ ಮದುವೆಗೆ ‘ಪ್ರತಿಫಲವಾಗಿ’ ಕೊಟ್ಟ ಆಸ್ತಿ ಎಂದಿತ್ತು. ಅಂದರೆ ಇಷ್ಟು ಕೊಟ್ಟರೆ ಮಾತ್ರ ಮದುವೆ ಎಂಬ ವ್ಯಾಪಾರದ ಮಾತು ನಡೆದಿತ್ತೆಂದು ತೋರಿಸಬೇಕು. ತೋರಿಸುವವರು ಯಾರು? ಹಣ ಕೊಟ್ಟ ಹೆಣ್ಣಿನ ತಂದೆ ಬಾಯಿ ಬಿಡುವುದಿಲ್ಲ. ಗಂಡಿನ ಕಡೆಯವರು ‘ನಾವೇನೂ ಕೇಳಿಲ್ಲ, ಅವರೇ ಪ್ರೀತಿಯಿಂದ ಕೊಟ್ಟರು’ ಎನ್ನುತ್ತಾರೆ. ಕೊಡುವವನ ಮನಸ್ಸೂ ತೆಗೆದುಕೊಳ್ಳುವವನ ಮನಸ್ಸೂ ಕತ್ತಲೆಯಲ್ಲೇ ಉಳಿದು ಕಾಯಿದೆ ಇದ್ದೂ ಇಲ್ಲದಂತಾಯಿತು. ಕಾಯಿದೆಯ ಕೆಲಸವನ್ನು ಪರಿಶೀಲಿಸಿದ ಸಂಸತ್ತಿನ ಜಂಟಿ ಸಮಿತಿ 1982ರಲ್ಲಿ ವರದಿ ಕೊಟ್ಟಿತು. ಈ ಪ್ರತಿಫಲ ಎಂಬ ಪದವೇ ಕಾಯಿದೆಯ ಕೈ ಕಟ್ಟಿಹಾಕಿದೆ ಎಂದು ಅದು ತೋರಿಸಿತು. 1984ರ ತಿದ್ದುಪಡಿಯಲ್ಲಿ ಆ ಪದ ಹೋಗಿ, ಮದುವೆಗೆ ‘ಸಂಬಂಧಿಸಿದಂತೆ’ ಎಂಬ ಪದ ಬಂತು. 1986ರಲ್ಲಿ ಮದುವೆಯ ನಂತರ ‘ಯಾವುದೇ ಸಮಯದಲ್ಲಿ’ ಎಂಬುದೂ ಸೇರಿತು. ಪ್ರತಿಫಲ ಎಂದರೆ ಮನಸ್ಸಿನೊಳಗಿನ ಕರಾರನ್ನು ಹುಡುಕಬೇಕು. ಸಂಬಂಧ ಎಂದರೆ ನಡೆದ ಸಂಗತಿಗಳನ್ನು ಜೋಡಿಸಿ ನೋಡಿದರೆ ಸಾಕು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಮಾತಿದೆ: ‘ಇಲ್ಲಿ ವರದಕ್ಷಿಣೆ ಎಲ್ಲಿ? ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣೇ ಸಿಗುವುದಿಲ್ಲ.’ ಹೆಣ್ಣು ಸಿಗುವುದಿಲ್ಲ ಎಂಬುದು ಎಷ್ಟೋ ಮನೆಗಳ ಮಟ್ಟಿಗೆ ನಿಜ. ಆದರೆ ಬಂದ ಹೆಣ್ಣಿನಿಂದ ಮದುವೆಯ ನಂತರ ಕೇಳುವುದು ನಿಂತಿದೆಯೇ? ಹೆಸರು ಮಾತ್ರ ಬದಲಾಗಿದೆ. ವರೋಪಚಾರ, ಉಡುಗೊರೆ, ಮಗಳ ಪಾಲು, ಸಹಾಯ, ಕೈಗಡ! ಮಳೆಗಾಲದಲ್ಲಿ ಕೊಳೆ ಬಂದು ಫಸಲು ಹೋಯಿತು, ಸೊಸೈಟಿ ಸಾಲದ ಗಡುವು ಬಂತು, ಬಾವಿ ತೋಡಿಸಬೇಕು, ಮನೆ ರಿಪೇರಿ ಆಗಬೇಕು, ‘ನಿನ್ನ ಅಪ್ಪನ ಹತ್ತಿರ ಕೇಳಿ ತಾ.’ ಕೇಳಿದವರನ್ನು ಪ್ರಶ್ನಿಸಿದರೆ, ‘ಇದು ವರದಕ್ಷಿಣೆಯೇ? ತೋಟದ ಗೊಬ್ಬರಕ್ಕಲ್ಲವೇ ಕೇಳಿದ್ದು’ ಎಂಬ ಉತ್ತರ ತಯಾರಾಗಿಯೇ ಇರುತ್ತದೆ.

ಗೊಬ್ಬರದ ಈ ಉತ್ತರ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮಹಾರಾಷ್ಟ್ರದ ಅಪ್ಪಾಸಾಹೇಬ್ ಪ್ರಕರಣದಲ್ಲಿ ವಿಷ ಸೇವಿಸಿ ಸತ್ತ ಸೊಸೆಯ ತವರಿನಿಂದ ಹಣ ಕೇಳಿದ್ದು ಮನೆಖರ್ಚಿಗೆ ಮತ್ತು ಗೊಬ್ಬರ ಕೊಳ್ಳಲಿಕ್ಕೆ ಎಂದು ಸಾಕ್ಷ್ಯದಲ್ಲಿ ಬಂದಿತ್ತು. ಹಣದ ಅಡಚಣೆಗೆ, ಮನೆಯ ತುರ್ತು ಖರ್ಚಿಗೆ, ಗೊಬ್ಬರಕ್ಕೆ ಕೇಳಿದ ಹಣ ವರದಕ್ಷಿಣೆಯ ಬೇಡಿಕೆಯಾಗುವುದಿಲ್ಲ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವರದಕ್ಷಿಣೆ ಸಾವಿನ ಆರೋಪದಿಂದ ಆರೋಪಿಗಳು ಬಿಡುಗಡೆಯಾದರು. ಇಲ್ಲಿ ನಡೆದದ್ದೇನು ಎಂಬುದನ್ನು ಗಮನಿಸಬೇಕು. ಕಾಯಿದೆ ಕೇಳಿದ್ದು ಬೇಡಿಕೆಗೆ ಮದುವೆಯ ಸಂಬಂಧವಿದೆಯೇ ಎಂದು. ಉತ್ತರ ಬಂದದ್ದು ಹಣ ಯಾವುದಕ್ಕೆ ಎಂಬುದಕ್ಕೆ. ಸಾಲದ ಅರ್ಜಿಯ ‘ಉದ್ದೇಶ’ವನ್ನು ತಂದು ಹೆಣ್ಣಿನ ಸಾವಿನ ಪ್ರಶ್ನೆಗೆ ಉತ್ತರವಾಗಿ ಇಟ್ಟಂತಾಯಿತು.

ಎಂಟು ವರ್ಷಗಳ ನಂತರ ಪಂಜಾಬಿನ ರಾಜಿಂದರ್ ಸಿಂಗ್ ಪ್ರಕರಣ ಬಂತು. ಅಲ್ಲಿ ಮನೆ ಕಟ್ಟಲು ಹಣ ತಾ ಎಂದು ಸೊಸೆಯನ್ನು ಪೀಡಿಸಿದ್ದರು. ಸಮಾಧಾನ ಮಾಡಲೆಂದು ತಂದೆ ಎಮ್ಮೆಯನ್ನು ಕೊಟ್ಟಿದ್ದ. ಆದರೂ ಪೀಡನೆ ನಿಲ್ಲದೆ ಅವಳು ಕೀಟನಾಶಕ ಕುಡಿದು ಸತ್ತಳು. 2015ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2007ರ ಆ ಸಂಕುಚಿತ ಅರ್ಥ ಸರಿಯಲ್ಲವೆಂದು ಸ್ಪಷ್ಟವಾಗಿ ಹೇಳಿತು. ಮದುವೆಯಾಗಿ ಬಂದ ಹೆಣ್ಣಿನ ತವರಿನಿಂದ ಹಣವನ್ನೋ ವಸ್ತುವನ್ನೋ ಕೇಳಿದರೆ, ಕೇಳಲು ಹೇಳಿದ ನೆಪ ಏನೇ ಇರಲಿ, ಸಾಮಾನ್ಯವಾಗಿ ಅದನ್ನು ಮದುವೆಗೆ ಸಂಬಂಧಿಸಿದ ಬೇಡಿಕೆಯೆಂದೇ ನೋಡಬೇಕು ಎಂಬ ದಾರಿ ತೆರೆಯಿತು. ಸಾವಿಗೆ ‘ಸ್ವಲ್ಪ ಮುಂಚೆ’ ಎಂದರೆ ‘ಆ ಕ್ಷಣಕ್ಕೆ ಮುಂಚೆ’ ಎಂದಲ್ಲ ಎಂದೂ ಅದೇ ತೀರ್ಪು ಹೇಳಿತು.

ಆದರೆ ನೆಪಗಳು ಮುಗಿಯುವುದಿಲ್ಲವಲ್ಲ! ‘ನಾವು ಕೇಳಿಲ್ಲ, ಅವಳೇ ತವರಿಗೆ ಹೋಗಿ ಕೇಳಿದ್ದು’ ಎಂಬುದು ಇನ್ನೊಂದು. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಮನೆ ಕಟ್ಟುವ ಹಣವನ್ನು ಸೊಸೆಯೇ ತನ್ನ ಮನೆಯವರಲ್ಲಿ ಕೇಳಿದ್ದಳು ಎಂಬ ಕಾರಣ ಕೊಟ್ಟು ಹೈಕೋರ್ಟ್ ಗಂಡನನ್ನೂ ಮಾವನನ್ನೂ ವರದಕ್ಷಿಣೆ ಸಾವಿನ ಆರೋಪದಿಂದ ಬಿಟ್ಟಿತ್ತು. ಜೋಗೇಂದ್ರ ಪ್ರಕರಣವೆಂದು ಹೆಸರಾದ ಇದರಲ್ಲಿ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಅವಳು ಕೇಳಿದ್ದು ಇಷ್ಟದಿಂದಲ್ಲ, ಒತ್ತಾಯಕ್ಕೆ ಸಿಕ್ಕಿ ಎಂದು ನ್ಯಾಯಾಲಯ ಕಂಡಿತು. ಕೇಳಿದ ಬಾಯಿ ಯಾರದು ಎಂಬುದಕ್ಕಿಂತ ಕೇಳಿಸಿದವರು ಯಾರು ಎಂಬುದು ಮುಖ್ಯ. ತವರಿಗೆ ಬಂದು ತಲೆ ತಗ್ಗಿಸಿ ‘ಅಪ್ಪಯ್ಯ, ಸ್ವಲ್ಪ ಹಣ ಬೇಕಿತ್ತು’ ಎನ್ನುವ ಮಗಳನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಹೊಡೆತ ಬಡಿತಗಳ ವಿಷಯ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498-ಎ ಎಂಬ ಕಲಮು ಸೇರಿತು. ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯಕ್ಕೆ 3 ವರ್ಷದವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಇದೇ ಅಪರಾಧ 85 ಮತ್ತು 86ನೇ ಕಲಮುಗಳಲ್ಲಿದೆ. ಕ್ರೌರ್ಯವೆಂದರೇನು ಎಂದು ಹೇಳುವಲ್ಲಿ ಕಾನೂನು ಬಳಸಿದ ಮಾತುಗಳನ್ನು ಇಂಗ್ಲಿಷ್ ಪಾಠದಂತೆ ಬಿಡಿಸಿ ನೋಡೋಣ.

ಅದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ‘ವಿಲ್‌ಫುಲ್’ ಎಂಬ ಪದವಿದೆ. ಅದೇ ನಮ್ಮ ‘ಬೇಕಂತ’. ಆದರೆ ಬೇಕೆಂದೇ ಮಾಡಿರಬೇಕಾದದ್ದು ಏನು? ನಡವಳಿಕೆ ಮಾತ್ರ. ಆ ನಡವಳಿಕೆಯಿಂದ ಹೆಂಡತಿ ಸಾಯಬೇಕು ಎಂದು ಗಂಡ ಬಯಸಿರಬೇಕಿಲ್ಲ. ಅವಳನ್ನು ಆತ್ಮಹತ್ಯೆಗೆ ದೂಡುವಂಥ, ಅಥವಾ ಜೀವಕ್ಕೆ, ಅಂಗಾಂಗಕ್ಕೆ, ದೇಹದ ಇಲ್ಲವೇ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ ತರುವಂಥ ‘ಸಂಭವವಿರುವ’ ನಡವಳಿಕೆಯಾಗಿದ್ದರೆ ಸಾಕು. ದಿನಾ ರಾತ್ರಿ ಕುಡಿದು ಬಂದು ಬಡಿಯುವವನು, ಊಟಕ್ಕೆ ಹಾಕದೆ ಕೋಣೆಯಲ್ಲಿ ಕೂಡಿಹಾಕುವವನು ‘ಅವಳಿಗೆ ಹೀಗಾಗಲಿ ಎಂದು ನನಗಿರಲಿಲ್ಲ’ ಎಂದರೆ ಅದು ಉತ್ತರವಾಗದು. ಬಡಿದದ್ದು ಬೇಕೆಂದೇ ಹೌದೋ ಅಲ್ಲವೋ ಎಂಬುದು ಪ್ರಶ್ನೆ. ಪ್ರತಿ ರಾತ್ರಿ ಕೈ ತಾನಾಗಿ ಎತ್ತಿಹೋಗುವುದು ಸಾಧ್ಯವೇ?

ಎರಡನೆಯ ಭಾಗ ಬೇಡಿಕೆಯ ಪೀಡನೆಯದು. ಅಲ್ಲಿ ಎರಡು ಮಾತು ಅಕ್ಕಪಕ್ಕ ಇವೆ. ಕಾನೂನುಬಾಹಿರ ಬೇಡಿಕೆಯನ್ನು ಪೂರೈಸುವಂತೆ ಅವಳನ್ನು ಅಥವಾ ಅವಳ ಕಡೆಯವರನ್ನು ಬಲವಂತಪಡಿಸುವ ‘ಸಲುವಾಗಿ’ ಕೊಡುವ ಕಿರುಕುಳ ಒಂದು. ಬೇಡಿಕೆ ಪೂರೈಸದ ‘ಕಾರಣಕ್ಕಾಗಿ’ ಕೊಡುವ ಕಿರುಕುಳ ಇನ್ನೊಂದು. ಮೊದಲನೆಯದು ಮುಂದೆ ಬರಬೇಕಾದ ಹಣದ ಕಡೆ ನೋಡುತ್ತದೆ, ಎರಡನೆಯದು ಹಿಂದೆ ಬಾರದೆ ಹೋದ ಹಣದ ಕಡೆ. ಒಂದು ಪರ್ಪಸ್, ಒಂದು ಮೋಟಿವ್. ‘ಈಗ ನಾವೇನೂ ಕೇಳುತ್ತಿಲ್ಲ’ ಎಂದು ಅತ್ತೆಮನೆಯವರು ಹೇಳಬಹುದು. ಕೇಳುವುದನ್ನು ನಿಲ್ಲಿಸಿ, ಕೊಡದಿದ್ದುದಕ್ಕೆ ಹಗೆ ತೀರಿಸುತ್ತಿದ್ದರೂ ಅದು ಕ್ರೌರ್ಯವೇ. ಆದ್ದರಿಂದ ‘ಬೇಡಿಕೆ ನಿಂತು ಎರಡು ವರ್ಷವಾಯಿತು, ಇನ್ನೇನು ದೂರು ಕೊಡುವುದು’ ಎಂದು ಸುಮ್ಮನಾಗಬೇಡಿ.

ಮದುವೆಯಾದ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅಥವಾ ಅದಕ್ಕೆ ಸಂಬಂಧಿಸಿ ಅವಳಿಗೆ ಕಿರುಕುಳವಾಗಿದ್ದರೆ ಅದು ವರದಕ್ಷಿಣೆ ಸಾವು. 1986ರಲ್ಲಿ 304-ಬಿ ಕಲಮಾಗಿ ಬಂದದ್ದು ಈಗ ನ್ಯಾಯ ಸಂಹಿತೆಯ 80ನೇ ಕಲಮು. ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಇಲ್ಲಿ ಕೊಲ್ಲುವ ಇಂಟೆನ್ಶನ್ ಇತ್ತೆಂದು ತೋರಿಸಬೇಕಾದ ಅಗತ್ಯವೇ ಇಲ್ಲ. ನಾಲ್ಕು ಗೋಡೆಗಳ ಒಳಗೆ ಯಾರ ಮನಸ್ಸಿನಲ್ಲಿ ಏನಿತ್ತೆಂದು ಹೇಳಬೇಕಾದವಳು ಸತ್ತಿದ್ದಾಳೆ. ಅದನ್ನು ಬಲ್ಲ ಕಾನೂನು ಮನಸ್ಸನ್ನು ಬಿಟ್ಟು ಸಂಗತಿಗಳನ್ನು ಕೇಳುತ್ತದೆ.

ಹಾಗೆಂದು ಎಲ್ಲ ಕಡೆಯೂ ಇಂಟೆನ್ಶನ್ ಬೇಡವೆಂದು ತಿಳಿಯಬಾರದು. ಆತ್ಮಹತ್ಯೆಗೆ ಪ್ರಚೋದನೆ ಎಂಬ ಅಪರಾಧವಿದೆ, ಈಗಿನ 108ನೇ ಕಲಮು. ಅಲ್ಲಿ ನ್ಯಾಯಾಲಯ ಬೇರೆ ತಕ್ಕಡಿ ಹಿಡಿಯುತ್ತದೆ. ಜಗಳದ ನಡುವೆ ಬಾಯಿಂದ ಬಿದ್ದ ‘ಹೋಗಿ ಸಾಯಿ’ ಎಂಬ ಮಾತೊಂದರಿಂದಲೇ ಪ್ರಚೋದನೆಯಾಗುವುದಿಲ್ಲ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾದ 7 ವರ್ಷದೊಳಗಿನ ಆತ್ಮಹತ್ಯೆಯಾಗಿದ್ದು, ಕ್ರೌರ್ಯ ನಡೆದದ್ದು ರುಜುವಾತಾದರೆ ಪ್ರಚೋದನೆ ಇತ್ತೆಂದು ನ್ಯಾಯಾಲಯ ಭಾವಿಸಬಹುದು. ಅಂದರೆ ಒಂದೇ ಸಾವಿನಲ್ಲಿ ಪ್ರಚೋದನೆಯ ಆರೋಪ ಬಿದ್ದುಹೋಗಿ ಕ್ರೌರ್ಯದ ಆರೋಪ ನಿಲ್ಲಬಹುದು. ಪತ್ರಿಕೆಯಲ್ಲಿ ‘ಗಂಡ ಖುಲಾಸೆ’ ಎಂದು ಓದಿ ಕಾನೂನೇ ಸುಳ್ಳು ಎನ್ನುವ ಮೊದಲು, ಯಾವ ಪದದ ಮೇಲೆ ಖುಲಾಸೆಯಾಯಿತು ಎಂದು ಕೇಳಬೇಕು.

ಇಂಟೆನ್ಶನ್ ಮತ್ತು ನಾಲೆಡ್ಜ್ ನಡುವಿನ ಅಂತರವೂ ಸಣ್ಣದಲ್ಲ. ರಾಜಸ್ಥಾನದ ಒಬ್ಬ ಗಂಡ ಕುಡಿತಕ್ಕೆ ಹಣ ಬೇಕೆಂದು ಹೆಂಡತಿಯ ಒಡವೆ ಕೇಳಿದ. ಅವಳು ಕೊಡಲಿಲ್ಲ. ಅವಳ ಮೇಲೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ, ಆಮೇಲೆ ತಾನೇ ನೀರು ಸುರಿದು ಆರಿಸಲು ಹೋದ. ಅವಳು ಉಳಿಯಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಕೊಲೆಯೆನ್ನಲಿಲ್ಲ. ಸಾಯಿಸುವ ಇಂಟೆನ್ಶನ್ ಬದಲು ಸಾವಾದೀತೆಂಬ ನಾಲೆಡ್ಜ್ ಇತ್ತೆಂದು ಅಪರಾಧವನ್ನು ಒಂದು ಮೆಟ್ಟಿಲು ಇಳಿಸಿತು. ಕೊಲೆಗೆ ಜೀವಾವಧಿ ಅಥವಾ ಮರಣದಂಡನೆ, ಅದರ ಕೆಳಗಿನ ಈ ಮೆಟ್ಟಿಲಿಗೆ ಹೆಚ್ಚೆಂದರೆ 10 ವರ್ಷ. ಬೆಂಕಿ ಹಚ್ಚಿ ನೀರು ಸುರಿದವನ ಬಗ್ಗೆ ಕಾನೂನು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ‘ಸಾಯಿಸುವ ಉದ್ದೇಶ ಇರಲಿಲ್ಲ, ಹೆದರಿಸಲಿಕ್ಕೆ ಸುರಿದೆ’ ಎಂಬುದು ಕೂಡ ಬಿಡುಗಡೆಯ ಮಾತಲ್ಲ. ಗೊತ್ತಿದ್ದೂ ಮಾಡಿದ್ದೂ ಅಪರಾಧವೇ.

ನಮಗೆ ಹೆಚ್ಚು ಹತ್ತಿರದ ಕಾನೂನು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಈ ಕಾಯಿದೆ ಹಿಂಸೆ ಎಂದರೇನು ಎಂದು ಹೇಳುವಾಗ ‘ಸಲುವಾಗಿ’ಯ ಜೊತೆಗೆ ‘ಪರಿಣಾಮ’ ಎಂಬ ಪದವನ್ನೂ ಇಟ್ಟಿದೆ. ಬೆದರಿಕೆಯ ಪರಿಣಾಮ ಆದರೆ ಸಾಕು, ದೇಹಕ್ಕೋ ಮನಸ್ಸಿಗೋ ಹಾನಿಯಾದರೆ ಸಾಕು. ಮಾತಿನ ಹಿಂಸೆ, ಲೈಂಗಿಕ ಹಿಂಸೆ, ಹಣಕಾಸಿನ ಹಿಂಸೆ ಎಲ್ಲವೂ ಇದರಲ್ಲಿ ಬರುತ್ತವೆ. ಅವಳ ಒಡವೆ, ಅವಳ ದುಡಿಮೆಯ ಹಣ ಕಿತ್ತುಕೊಳ್ಳುವುದೂ ಹಿಂಸೆಯೇ. ಸಂಘದ ಸಾಲವನ್ನು ಅವಳ ಹೆಸರಲ್ಲಿ ತೆಗೆಸಿ ಕಿತ್ತುಕೊಂಡು, ಕಂತು ಕಟ್ಟುವ ಭಾರ ಮಾತ್ರ ಅವಳ ಮೇಲೆ ಬಿಡುವ ಗಂಡಂದಿರು ನಮ್ಮ ನಡುವೆಯೇ ಇದ್ದಾರೆ. ಅವರೂ ‘ಮನೆ ಸಲುವಾಗಿ ತೆಗೆದದ್ದು’ ಎನ್ನುತ್ತಾರೆ. ಈ ಕಾಯಿದೆಯಡಿ ಹೆಣ್ಣು ಕೇಳುವುದು ಗಂಡನನ್ನು ಜೈಲಿಗೆ ಹಾಕಿ ಎಂದಲ್ಲ. ರಕ್ಷಣೆ, ಇರಲು ಮನೆ, ಜೀವನಾಂಶ, ಮಕ್ಕಳು – ಇಷ್ಟನ್ನು. ಗಂಡನ ಮನಸ್ಸಿನ ಪರೀಕ್ಷೆ ಮುಗಿಯುವ ತನಕ ಅವಳು ಬೀದಿಯಲ್ಲಿ ಕಾಯಬೇಕಿಲ್ಲ.

‘ಈ ಕಾನೂನುಗಳ ದುರುಪಯೋಗ ಆಗುತ್ತಿದೆ’ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಗಂಡನ ಮನೆಯ ಎಲ್ಲರ ಹೆಸರನ್ನೂ ಸೇರಿಸಿ, ಯಾರು ಏನು ಮಾಡಿದರೆಂದು ಹೇಳದ ದೂರುಗಳು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಹೇಳಿದೆ. ಇದರಲ್ಲಿ ನಾವು ಸಿಟ್ಟಾಗಬೇಕಾದ್ದೇನೂ ಇಲ್ಲ. ದೂರಿನಲ್ಲಿ ‘ಗಂಡ, ಅತ್ತೆ, ಮಾವ, ನಾದಿನಿ ಎಲ್ಲರೂ ಸೇರಿ ಮಾನಸಿಕ ಮತ್ತು ದೈಹಿಕ ಕಿರುಕುಳ ನೀಡಿದರು’ ಎಂಬ ಒಂದೇ ಸಾಲು ಇದ್ದರೆ, ನಿಜವಾಗಿ ಬಡಿದವನೂ ಆ ಗುಂಪಿನಲ್ಲಿ ಮರೆಯಾಗಿಬಿಡುತ್ತಾನೆ. ಆ ಸಾಲು ಬರೆದವಳು ಹೆಣ್ಣಲ್ಲ, ಅವಳ ಬಾಯಿಮಾತನ್ನು ತಮ್ಮ ರೂಢಿಯ ಭಾಷೆಗೆ ಇಳಿಸಿದವರು. ಅವಳು ಹೇಳಿದ್ದು ಬೇರೆಯೇ ಇರುತ್ತದೆ: ಯಾವ ದಿನ, ಯಾವ ಮಾತು, ಯಾವ ಕೋಲು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಅವನ ಮನಸ್ಸಿನ ವಕಾಲತ್ತನ್ನು ನಾವು ವಹಿಸುವುದು ಬೇಡ. ‘ಬೇಕಂತ ಮಾಡಿದ್ದಲ್ಲ’ ಎಂದು ಹೇಳುವುದಿದ್ದರೆ ಅವನೇ ಹೇಳಲಿ, ಅವನ ವಕೀಲ ಹೇಳಲಿ. ಕಾನೂನು ಕೇಳದ ಮನಸ್ಸನ್ನು ನಾವಾಗಿಯೇ ದೂರಿನಲ್ಲಿ ಬರೆಸಿ, ಕಾನೂನು ಕೇಳಿದ ಸಂಗತಿಯನ್ನು ಬಿಟ್ಟುಬಿಟ್ಟರೆ ಕೈಯಲ್ಲಿದ್ದದ್ದನ್ನು ಕಳೆದುಕೊಂಡಂತೆ. ‘ಅವರು ನನ್ನನ್ನು ಸಾಯಿಸುವ ಉದ್ದೇಶದಿಂದ’ ಎಂದು ಹೆಚ್ಚಿಸಿ ಬರೆಸುವುದೂ ಬೇಡ. ಅದನ್ನು ರುಜುವಾತು ಮಾಡಲಾಗದೆ ಹೋದರೆ ನಿಜವಾಗಿ ನಡೆದದ್ದೂ ಸುಳ್ಳಿನಂತೆ ಕಾಣುತ್ತದೆ.

ಹೇಳಬೇಕಾದದ್ದು ಏನು? ಯಾರು ಕೇಳಿದರು, ಎಷ್ಟು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಕೊಡದಿದ್ದಾಗ ಏನು ಮಾಡಿದರು, ಎಷ್ಟು ಸಲ ಮಾಡಿದರು, ಮೈಗೆ ಏನಾಯಿತು, ಯಾವ ಆಸ್ಪತ್ರೆಗೆ ಹೋದದ್ದು, ಯಾರ ಮುಂದೆ ಹೇಳಿಕೊಂಡದ್ದು. ತಾರೀಕು ನೆನಪಿಲ್ಲದಿದ್ದರೆ ದೀಪಾವಳಿಯ ಮಾರನೆ ದಿನ, ಶಿರಸಿ ಜಾತ್ರೆಯ ವಾರ, ಕೊಯ್ಲು ಮುಗಿದ ದಿನ ಎಂದಾದರೂ ಹೇಳಿ. ಅವರಾಡಿದ ಮಾತನ್ನು ಅವರಾಡಿದ ಹಾಗೆಯೇ ಬರೆಸಿ. ‘ಹಣದ ಬೇಡಿಕೆ ಇಟ್ಟರು’ ಎಂಬುದಕ್ಕಿಂತ ‘ಗೊಬ್ಬರಕ್ಕೆ ದುಡ್ಡು ತರದೆ ಮನೆ ಮೆಟ್ಟಿಲು ಹತ್ತಬೇಡ ಅಂದರು’ ಎಂಬುದಕ್ಕೆ ತೂಕ ಹೆಚ್ಚು.

ಠಾಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇದು ನಿಮ್ಮ ಹಕ್ಕು. ಓದಿ ಹೇಳುವಾಗ ‘ಉದ್ದೇಶ’ ಎಂಬ ಪದ ಬಂದರೆ ತಡೆದು ಕೇಳಿ: ‘ಸಾಹೇಬರೇ, ನಾನು ಹಾಗೆ ಹೇಳಿಲ್ಲ. ನಾನು ಹೇಳಿದ್ದನ್ನೇ ಬರೆಯಿರಿ.’ ನಮ್ಮ ರಾಜ್ಯದ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ಹಿಂಸೆ ಕಾಯಿದೆಯ ರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿಗೆ ದಾರಿ ಹೇಳುತ್ತಾರೆ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112, ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ವಕೀಲರ ನೆರವು ಪುಕ್ಕಟೆ.

ಸಂಘದ ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ನಮ್ಮಲ್ಲಿ ಒಬ್ಬಳು ಮೈಮೇಲೆ ಬಾಸುಂಡೆ ಹೊತ್ತು ಸಭೆಗೆ ಬಂದು ‘ಅಂವ ಬೇಕಂತ ಮಾಡಿದ್ದಲ್ಲ’ ಎಂದರೆ ಹೂಂಗುಟ್ಟಿ ಸುಮ್ಮನಾಗಬೇಡಿ. ವಾದಕ್ಕೂ ಇಳಿಯಬೇಡಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅದು ಇರಲಿ ತಂಗಿ, ಏನಾಯಿತು ಹೇಳು’ ಎನ್ನಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ, ದಿನ ಹಾಕಿ, ಅವಳ ಒಪ್ಪಿಗೆಯಿಂದ ಒಂದು ಕಡೆ ಬರೆದಿಡಿ. ಬರೆದ ಹಾಳೆಯನ್ನು ಅವಳ ಗಂಡನ ಕೈಗೆ ಸಿಗದ ಕಡೆ ಇಡಿ. ಇಂದು ದೂರು ಕೊಡಲು ಅವಳಿಗೆ ಧೈರ್ಯ ಬಾರದಿದ್ದರೂ, ಕೊಡುವ ದಿನ ಬಂದಾಗ ಆ ಹಾಳೆ ಕೈಯಲ್ಲಿರುತ್ತದೆ.